ಮಾತು ಬಿಟ್ಟ ಮೀನುಗಳು

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಶೆಡ್ಡಿನ ತೊಟ್ಟಿಯ ಮೀನುಗಳು ಅಕ್ಕನ ಜೊತೆ ಮಾತು ಬಿಟ್ಟಿದ್ದವು. ಊರಿಂದ ಬಂದವಳು ಹೆಗಲ ಬ್ಯಾಗನ್ನೂ ಇಳಿಸದೆ, ಉಂಗುರದ ಬೆರಳಿನಿಂದ ತೊಟ್ಟಿಯ ಅಂಚಿಗೆ ಟಕ್ ಟಕ್ ಎಂದು ತಟ್ಟಿದಳು. ಆ ಸದ್ದಿಗೆ ಬಾಯಿ ತೆರೆದುಕೊಂಡು ನುಗ್ಗಿ ಬರಬೇಕಾದ ಮೀನುಗಳು ತಳ ಹಿಡಿದು ಕೂತಿದ್ದವು.

ಪಕ್ಕದಲ್ಲಿ ನಿಂತಿದ್ದ ತಮ್ಮನಿಗೆ ಬೆವರು ಕಿತ್ತುಕೊಂಡು ಬಂತು. ಅಕ್ಕ ಇಲ್ಲದಾಗ ಫೋನ್ ಚಾರ್ಜಿಗೆ ಹಾಕಲು ಗಾಳಿ ಪಂಪಿನ ಪ್ಲಗ್ ಕಿತ್ತವನು, ಅದನ್ನು ಮತ್ತೆ ಸಿಕ್ಕಿಸಲು ಮರೆತಿದ್ದ. ಫೋನಿಗೆ ಜೀವ ಬಂತು, ತೊಟ್ಟಿಯ ಮೀನುಗಳಿಗೆಲ್ಲ ಹೋಯಿತು. ತೊಟ್ಟಿಯ ನೀರಲ್ಲೇ ಬೆಳೆದು ಹೋಟೆಲುಗಳಿಗೆ ಹೋಗುವ ಸೊಪ್ಪಿಗೆ ಮೀನಿನ ಗಲೀಜೇ ಗೊಬ್ಬರ, ಮೀನಿಗೆ ಸೊಪ್ಪಿನ ಬೇರುಗಳೇ ನೀರಿನ ಜರಡಿ. ಒಂದು ಮಲಗಿದರೆ ಇನ್ನೊಂದೂ ಮಲಗುತ್ತದೆ. ಹಾಗಾಗಿ ಅದೇ ಜಾತಿಯ, ಅದೇ ಗಾತ್ರದ ಮೀನುಗಳನ್ನು ಗುಟ್ಟಾಗಿ ತಂದು ಬಿಟ್ಟಿದ್ದ. ಸೊಪ್ಪು ನಳನಳಿಸುತ್ತಿತ್ತು. ಅಕ್ಕನ ಈ ಟಕ್ ಟಕ್ ಮಾತ್ರ ಅವನ ಲೆಕ್ಕದಲ್ಲಿರಲಿಲ್ಲ.

"ನಾನು ಬಿಟ್ಟು ಹೋದೆ ಅಂತ ಕೋಪ ಕಣೋ ಇವಕ್ಕೆ." ಅಕ್ಕ ಮತ್ತೊಮ್ಮೆ ತಟ್ಟಿದಳು. "ನೀನೇನೋ ಚೆನ್ನಾಗೇ ನೋಡ್ಕೊಂಡಿದೀಯ, ತಪ್ಪು ನಂದೇ. ತಗೋ, ಪಕ್ಕದಲ್ಲಿ ಕಟ್ಸಿರೋ ಹೊಸ ಶೆಡ್ಡೂ ಇನ್ಮೇಲೆ ನಿಂದೇ ಜವಾಬ್ದಾರಿ." ಅದರ ಬೀಗದ ಕೈಯನ್ನು ಅವನ ಅಂಗೈಗಿಟ್ಟು ನೀರಿನತ್ತ ಬಗ್ಗಿದಳು. "ತಪ್ಪಾಯ್ತು ಕಣ್ರೋ. ಬನ್ರೋ, ಬನ್ನಿ."

ತಮ್ಮ ಬೀಗದ ಕೈಯನ್ನು ಮೆಲ್ಲಗೆ ತೊಟ್ಟಿಯ ಅಂಚಿನ ಮೇಲಿಟ್ಟ.

"ಅವಕ್ಕೆ ಕೋಪ ಇಲ್ಲ ಅಕ್ಕ. ಅವು ನಿನ್ನ ಮುಖ ನೋಡ್ತಿರೋದೇ ಇವತ್ತು."