ಮೂರಕ್ಷರದ ಭೂಮಿ

‘ಇಪ್ಪತ್ತೊಂಬತ್ತನೇ ಪುಟದ ಪದಬಂಧವನ್ನು ಯಾರೋ ಪೆನ್ನಿನಲ್ಲಿ ತುಂಬಿದ್ದಾರೆ’ ಎಂದು ಹಳೆಯ ವಾರಪತ್ರಿಕೆಯೊಂದರ ಮಾರಾಟದ ವಿವರದಲ್ಲಿ ಪ್ರಾಮಾಣಿಕವಾಗಿ ಬರೆದದ್ದೇ ಎಲ್ಲಕ್ಕೂ ಮೂಲವಾಯಿತು.

ಹಳೆಯ ವಾರಪತ್ರಿಕೆ, ಹಳೆಯ ಭೂಪಟಗಳನ್ನು ಆನ್‌ಲೈನ್‌ನಲ್ಲಿ ಮಾರುವವನಿಗೆ ನಂಬಿಕೆಯೇ ಬಂಡವಾಳ. ಕಲೆಯಿದ್ದರೆ ಕಲೆ, ಹರಿದಿದ್ದರೆ ಹರಿದಿದೆ ಎಂದು ಅವನು ಮೊದಲೇ ಹೇಳಿಬಿಡುತ್ತಿದ್ದ. ಹತ್ತು ವರ್ಷದಲ್ಲಿ ಒಬ್ಬ ಗಿರಾಕಿಯೂ ದೂರು ಬರೆದಿರಲಿಲ್ಲ. ಈ ಮಾತನ್ನು ಅವನು ಹೆಮ್ಮೆಯಿಂದ ಹೇಳುತ್ತಿದ್ದ, ಅಕ್ಕ ನಿಟ್ಟುಸಿರುಬಿಟ್ಟು ಹೇಳುತ್ತಿದ್ದಳು. ಮಂಚದ ಕೆಳಗೆ, ಬೀರುವಿನೊಳಗೆ, ಈಚೆಗೆ ಅಡುಗೆಮನೆಯ ಅಟ್ಟದ ಮೇಲೂ ಅವನ ಸರಕೇ ತುಂಬಿತ್ತು.

ಪದಬಂಧ ತುಂಬಿದ ಪ್ರತಿಯೆಂದರೆ ಸಂಗ್ರಹಕಾರರು ಮೂಗು ಮುರಿಯುತ್ತಾರೆ, ಅರ್ಧ ಬೆಲೆಗೆ ಕೇಳುತ್ತಾರೆ. ಆದರೆ ಅಂದು ಒಂದೇ ಗಂಟೆಯಲ್ಲಿ ಯಾರೋ ಹೊಸ ಗಿರಾಕಿಯ ಸಂದೇಶ ಬಂತು.

‘ತುಂಬಿದೆಯೇ? ಹಾಗಾದರೆ ಪೂರ್ತಿ ಬೆಲೆ ಕೊಡುತ್ತೇನೆ. ಖಾಲಿ ಬಿಟ್ಟ ಪ್ರತಿ ಬೇಡ. ಧನ್ಯವಾದ (೪).’

ಕಂಸದೊಳಗಿನ ನಾಲ್ಕನ್ನು ಅವನು ಇನ್ನೂ ನಾಲ್ಕು ಬೇಕು ಎಂದು ಓದಿಕೊಂಡ. ಅಟ್ಟವೆಲ್ಲ ಜಾಲಾಡಿ, ಪದಬಂಧ ತುಂಬಿದ ನಾಲ್ಕು ಪ್ರತಿ ಹುಡುಕಿ ಕಳಿಸಿದ. ಗಿರಾಕಿ ಚಕಾರವೆತ್ತದೆ ಹಣ ಹಾಕಿದರು.

“ಯಾರೋ ಕಳ್ಕೊಂಡೋರ ಅಕ್ಷರ ಹುಡುಕ್ತಿದ್ದಾಳೆ ಕಣೋ,” ಎಂದಳು ಅಕ್ಕ. “ಗಂಡಂದೇ ಇರ್ಬೇಕು. ಪಾಪ.”

ಗಿರಾಕಿ ಹೆಣ್ಣೋ ಗಂಡೋ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಆದರೂ ಅಕ್ಕನ ಕಣ್ಣು ಆಗಲೇ ಒದ್ದೆಯಾಗಿತ್ತು.

ಅವನ ತಲೆ ಮಾತ್ರ ಬೇರೆ ಕಡೆ ಓಡುತ್ತಿತ್ತು. ಅದೇ ವಾರಪತ್ರಿಕೆಯ ಕೊನೆಯ ಸಂಚಿಕೆಯೊಂದು ಎರಡು ವರ್ಷದಿಂದ ಮಾರಾಟವಾಗದೆ ಬಿದ್ದಿತ್ತು. ಪದಬಂಧ ಖಾಲಿ. ಕೆಳಗೆ ಸಣ್ಣ ಅಕ್ಷರದಲ್ಲಿ ಹೀಗಿತ್ತು: ‘ಎಲ್ಲ ಉತ್ತರ ಸರಿಯಿದ್ದವರಿಗೆ ಶಾಯಿಪೆನ್ನು ಬಹುಮಾನ. ಸರಿಯುತ್ತರ ಮುಂದಿನ ವಾರ.’ ಪಾಪ, ಆ ಮುಂದಿನ ವಾರ ಬರುವಷ್ಟರಲ್ಲಿ ಪತ್ರಿಕೆಯೇ ಮುಚ್ಚಿಹೋಗಿತ್ತು.

ತಾನೇ ತುಂಬಿಬಿಟ್ಟರೆ ಯಾರ ಗಂಟೇನು ಹೋಗುತ್ತದೆ? ಶಾಯಿಗೆ ಒಂದು ಹನಿ ಚಹಾ ಬೆರೆಸಿದ, ಬಣ್ಣ ಹಳತಾಯಿತು. ಕೂತು ಬರೆಯಲು ಮಾತ್ರ ಮೂರು ಮಧ್ಯಾಹ್ನ ಬೇಕಾಯಿತು. ಪದಬಂಧ ಅಷ್ಟು ಕಿಲಾಡಿಯಾಗಿತ್ತು.

“ಮಡಚಿ ಜೇಬಿಗಿಟ್ಟುಕೊಳ್ಳಬಹುದಾದ ಭೂಮಿ. ಮೂರಕ್ಷರ,” ಎಂದು ಸುಳಿವಿನ ಕೊನೆಯ ಕಂಸದೊಳಗಿನ ಮೂರರ ಸಮೇತ ಗಟ್ಟಿಯಾಗಿ ಓದಿದ.

“ಜಮೀನು! ದುಡ್ಡಿದ್ದೋರು ಊರನ್ನೇ ಜೇಬಿಗೆ ಹಾಕ್ಕೊಳ್ಳಲ್ವಾ?” ಒಳಗಿನಿಂದ ಅಕ್ಕ ಕೂಗಿದಳು.

“ನಾನು ದಿನಾ ಕೂತು ಮಡಚೋದೇನು ಮತ್ತೆ?” ಎಂದು ಅವನು ನಕ್ಕು ಬೇರೆಯೇ ಉತ್ತರ ಬರೆದ.

ಆಮೇಲೆ ಎಂದಿನ ಪ್ರಾಮಾಣಿಕತೆಯಿಂದ ‘ಪದಬಂಧ ತುಂಬಿದೆ’ ಎಂದು ನಮೂದಿಸಿ ಅದೇ ಗಿರಾಕಿಗೆ ಮಾರಿದ. ಒಂದಕ್ಷರವೂ ಸುಳ್ಳಲ್ಲ. ಯಾರು, ಯಾವಾಗ ತುಂಬಿದ್ದು ಎಂದು ಹೇಳಲಿಲ್ಲ, ಅಷ್ಟೇ.

ವಾರ ಕಳೆದು ಉತ್ತರ ಬಂತು.

‘ಕೊನೆಗೂ ಸಿಕ್ಕಿದರು. ಇಷ್ಟು ವರ್ಷ ನಾನು ಹುಡುಕುತ್ತಿದ್ದದ್ದು ಇವರನ್ನೇ. ಇದು ಯಾರ ಅಕ್ಷರ, ದಯವಿಟ್ಟು ಹೇಳಿ.’

ಅವನು ಹಿಂದುಮುಂದು ನೋಡದೆ ಟೈಪ್ ಮಾಡಿದ: ‘ನಮ್ಮ ಸೋದರಮಾವ ತುಂಬಿದ್ದು. ತೀರಿಕೊಂಡು ಬಹಳ ಕಾಲವಾಯಿತು.’

“ನಮಗೆಲ್ಲಿದ್ದಾನೋ ಸೋದರಮಾವ?” ಭುಜದ ಹಿಂದಿನಿಂದ ಅಕ್ಕ ಕೇಳಿದಳು.

“ಈಗ ಹುಟ್ಟಿದ. ಈಗಲೇ ಸತ್ತ.”

“ಥೂ! ಅಲ್ಲಿ ಅವಳು ನಿನ್ನ ಕಾಗೆಕಾಲಿನ ಅಕ್ಷರ ಎದೆಗೊತ್ತಿಕೊಂಡು ಅಳ್ತಾ ಕೂತಿರ್ತಾಳೆ. ನಿನಗೆ ನಗು.”

ಅವನ ನಗು ಅಲ್ಲಿಗೆ ನಿಂತಿತು. ನಾಲ್ಕು ದಿನ ಊಟ ಸೇರಲಿಲ್ಲ. ನಿಜ ಹೇಳಿದರೆ ಹತ್ತು ವರ್ಷದ ಹೆಸರು ಮಣ್ಣುಪಾಲು, ಹೇಳದಿದ್ದರೆ ಯಾರದೋ ದುಃಖಕ್ಕೆ ಮೋಸ. ಅಷ್ಟರಲ್ಲಿ ಮತ್ತೊಂದು ಸಂದೇಶ ಬಂತು: ‘ಭಾನುವಾರ ಬರುತ್ತೇನೆ. ಅವರ ಫೋಟೊವನ್ನಾದರೂ ನೋಡಬೇಕು.’

ಭಾನುವಾರ ಬೆಳಿಗ್ಗೆ ಸರಿಯಾಗಿ ಹತ್ತಕ್ಕೆ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ನಿಂತಿದ್ದವರು ಹಣ್ಣುಗೂದಲಿನ, ಚುರುಕು ಕಣ್ಣಿನ ಹೆಂಗಸು, ಹೆಗಲಲ್ಲೊಂದು ಬಟ್ಟೆಯ ಚೀಲ. ನೋಡಿದೆಯಾ ಎಂಬಂತೆ ಅಕ್ಕ ತಮ್ಮನ ಕಡೆ ಕಣ್ಣರಳಿಸಿದಳು.

“ಬದುಕಿದ್ದಾಗ ಸಿಗಲಿಲ್ಲವಲ್ಲ, ಅದೇ ಸಂಕಟ,” ಎಂದು ಆಕೆ ಕನ್ನಡಕ ತೆಗೆದು ಒರೆಸಿಕೊಂಡರು. “ಒಂದೇ ಒಂದು ಸಲ ಕೂತು ಮಾತಾಡಬೇಕಿತ್ತು.”

ಅವನಿಗೆ ತಡೆಯಲಾಗಲಿಲ್ಲ.

“ಅಮ್ಮಾ, ಕ್ಷಮಿಸಿ. ನಮಗೆ ಸೋದರಮಾವನೇ ಇಲ್ಲ. ಆ ಅಕ್ಷರ ನಂದು. ಹೋದ ತಿಂಗಳು ಇದೇ ಮೇಜಿನ ಮೇಲೆ ತುಂಬಿದೆ. ಶಾಯಿಗೆ ಚಹಾ ಬೆರೆಸಿದೆ. ಅದು ನೀವು ಕಳ್ಕೊಂಡೋರ ಅಕ್ಷರ ಅಲ್ಲ. ಅಂಗಡಿ ಮೇಲೆ ದೂರು ಬರೀರಿ, ನಾನೇನೂ ಅನ್ನಲ್ಲ.”

ಆಕೆ ಕನ್ನಡಕ ಹಾಕಿಕೊಂಡು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಮುಖದಲ್ಲಿ ಕೋಪದ ಸುಳಿವಿರಲಿಲ್ಲ.

“ನೀವೇನಾ? ಯಾರನ್ನೂ ಕೇಳದೆ ತುಂಬಿದ್ರಾ?”

“ಒಂದೇ ಒಂದು ಪದ ಅಕ್ಕನ್ನ ಕೇಳಿದೆ. ಅವಳು ತಪ್ಪು ಹೇಳಿದಳು.”

“ಜಮೀನು ಅಂದಿರ್ತಾರೆ,” ಎಂದರು ಆಕೆ.

“ಅಯ್ಯೋ, ನಿಮಗೆ ಹೇಗೆ ಗೊತ್ತು?” ಎಂದಳು ಅಕ್ಕ. ಆಕೆ ಚೀಲದಿಂದ ಉದ್ದನೆಯದೊಂದು ರಟ್ಟಿನ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟರು. ರಟ್ಟು ಹಳದಿಗಟ್ಟಿತ್ತು. ಒಳಗೆ ಯಾರೂ ಮುಟ್ಟದ ಒಂದು ಶಾಯಿಪೆನ್ನು ಇತ್ತು.

“ತಗೊಳ್ಳಿ. ಮೂವತ್ತು ವರ್ಷದಲ್ಲಿ ‘ಭೂಪಟ’ ಅಂತ ಬರೆದೋರು ನೀವೊಬ್ಬರೇ,” ಎಂದರು. “ಆ ಪತ್ರಿಕೆಯ ಪದಬಂಧಗಳನ್ನೆಲ್ಲ ಮಾಡಿದವಳು ನಾನು.”