ಹಬ್ಬದ ಬುಟ್ಟಿ

"ರಾತ್ರಿಯಿಂದ ಏನೂ ತಿಂದಿಲ್ಲ ತಾನೇ? ಹೊಟ್ಟೇಲಿ ಒಂದು ತುತ್ತಿದ್ರೂ ಅರಿವಳಿಕೆ ಮಂಪರಲ್ಲಿ ಉಸಿರುನಾಳಕ್ಕೆ ನುಗ್ಗಿ ಜೀವ ಹೋಗುತ್ತೆ," ಎಂದು ಡಾಕ್ಟರು ತಳ್ಳುಗಾಡಿ ಹಿಡಿದು ಕೇಳಿದಾಗ ಯೆಸೇನಿಯಾ ನಕ್ಕಳು.

"ನೀರೂ ಮುಟ್ಟಿಲ್ಲ ಡಾಕ್ಟ್ರೇ. ಅಮ್ಮಾ, ನಾಲ್ಕು ತೂತು ಕೊರೆದು ಹೊಟ್ಟೇನ ಬಾಳೆಕಾಯಷ್ಟು ಮಾಡ್ತಾರಂತೆ. ಇನ್ಮೇಲೆ ನಿನ್ನ ಟಮಾಲೆ ಕಡುಬು ಯಾರಿಗೆ ಬೇಯಿಸ್ತೀಯಾ?"

"ನಿಮ್ಮ ಚಿಕ್ಕಮ್ಮ ಇದಾಳಲ್ಲೇ, ಹೊಟ್ಟೆಬಾಕಿ. ಕಂಡೆಲಾರಿಯಾ ಹಬ್ಬದ ದಿನ ಟಮಾಲೆ ಇಲ್ದೆ ಬಿಡ್ತಾಳಾ?" ಎಂದ ಎಲ್ವಿರಾ ಮಗಳ ಹಣೆಗೆ ಶಿಲುಬೆ ಬರೆದು ಕೈ ಹಿಡಿದಳು. ಮಗಳ ಬೆರಳು ಜಿಡ್ಡುಜಿಡ್ಡಾಗಿತ್ತು. ಮುಲಾಮಿರಬೇಕು ಅಂದುಕೊಂಡಳು.

ತಳ್ಳುಗಾಡಿ ಒಳಗೆ ಹೋಯಿತು; ಆಪರೇಷನ್ ಕೋಣೆಯ ಬಾಗಿಲು ಮುಚ್ಚಿ ಕೆಂಪು ದೀಪ ಹತ್ತಿತು. ಎಲ್ವಿರಾ, ತಂಗಿಗೆ ಕೊಡಲೆಂದು ತಂದಿದ್ದ, ದಾರಿಯುದ್ದಕ್ಕೂ ಕಾರಿನ ಹಿಂದಿನ ಸೀಟಿನಲ್ಲಿ ಮಗಳ ತೊಡೆಯ ಮೇಲಿದ್ದ ಬುಟ್ಟಿಯ ಬಟ್ಟೆ ಸರಿಸಿದಳು. ಮುಸುಕಿನಜೋಳದ ಸಿಪ್ಪೆಯಲ್ಲಿ ಸುತ್ತಿದ ಟಮಾಲೆ ಪೊಟ್ಟಣಗಳು ಕಟ್ಟಿದ ಹಾಗೇ ಸಾಲಾಗಿದ್ದವು. ಒಂದನ್ನು ಎತ್ತಿದಳು. ಒಳಗೆ ಏನೂ ಇರಲಿಲ್ಲ. ಇನ್ನೊಂದೂ ಖಾಲಿ.

ಎಲ್ವಿರಾ ಎರಡೂ ಕೈಯಿಂದ ಬಾಗಿಲು ಬಡಿಯತೊಡಗಿದಳು.