ನೀಲಿ ಹೂವಿನ ಗುರುತು

"ಕತ್ತಿ ಹಿಡಿದವರು ಮುಂದೆ ನಡೀಬೇಕು," ಎಂದು ಪದ್ಮಲತಾ ಮೈದುನನ ಕೈಗೆ ಕತ್ತಿ ಕೊಟ್ಟಳು. ಭರತೇಶ್ ಬಳ್ಳಿ ಸವರುತ್ತಾ ಹೊಸನಗರದ ಕಾಡಿಗಿಳಿದ. ಹಿಂದೆ ಅವಳು. ಅವಳ ಹಿಂದೆ ಫಾರೆಸ್ಟ್ ಗಾರ್ಡ್ ಮಂಜಯ್ಯ, ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ ಕೀಳುತ್ತಾ, ಗೊಣಗುತ್ತಾ.

ಅವಳ ಫೋನಿನಲ್ಲಿ ಒಂದು ಫೋಟೋ ಇತ್ತು. ಚುಚ್ಚುವಂಥ ರೋಮದ ಎಲೆ, ತಲೆ ತಗ್ಗಿಸಿದ ನೀಲಿ ಹೂವು. ಕಾಂಫ್ರಿ. ಚಳಿನಾಡಿನ ಗಿಡ, ಈ ಕಡೆ ತಾನಾಗಿ ಹುಟ್ಟುವುದಲ್ಲ, ಯಾರಾದರೂ ಬೇರು ತರಬೇಕು. ಬೇರಿನ ಒಂದು ಚೂರು ಮಣ್ಣಿಗೆ ಬಿದ್ದರೆ ಸಾಕು, ಹಟ ಹಿಡಿದು ಚಿಗುರುತ್ತದೆ.

ಆ ಬೇರು ತಂದವನು ಅವಳ ಗಂಡ ಅಜಿತಪ್ರಸಾದ. ತೀರ್ಥಹಳ್ಳಿಯಲ್ಲಿ ಸಸ್ಯಶಾಸ್ತ್ರ ಕಲಿಸುವ ಹೆಂಡತಿಗೆಂದು ಊಟಿಯಿಂದ ಚೀಲ ತುಂಬ ತಂದಿದ್ದ. "ಆಲೂಗಡ್ಡೆನೇ ಒಳಗೆ ಬಿಡದ ಜೈನರ ಮನೆಗೆ ಬೇರಿನ ಮೂಟೆ ತರ್ತಿದೀನಿ. ಅಮ್ಮಂಗೆ ಹೇಳ್ಬೇಡ ಮಾರಾಯ್ತಿ," ಎಂದು ದಾರಿಯಿಂದ ಫೋನ್ ಮಾಡಿ ನಕ್ಕಿದ್ದ. ಮನೆ ಮುಟ್ಟಲಿಲ್ಲ.

ಸಾಗರದಲ್ಲಿ ರೈಲಿಳಿದವನನ್ನು ಕಾರಿಗೆ ಹತ್ತಿಸಿಕೊಂಡವನು ತಮ್ಮ ಭರತೇಶ್. ಹಿನ್ನೀರು ನೋಡೋಣವೆಂದು ತುಮರಿ ಕಡೆ ಹೋದೆವು, ಅಣ್ಣ ಈಜಲು ಇಳಿದ, ಮತ್ತೆ ಏಳಲಿಲ್ಲ ಎಂದು ಎದೆ ಬಡಿದುಕೊಂಡು ಅತ್ತಿದ್ದ. ದಡದಲ್ಲಿ ಚಪ್ಪಲಿ ಸಿಕ್ಕಿತು. ಹೆಣ ಸಿಗಲಿಲ್ಲ, ಚೀಲವೂ ಸಿಗಲಿಲ್ಲ. ಅಂದಿನಿಂದ ಗೇಟು ಕಿರುಗುಟ್ಟಿದರೆ ಸಾಕು, ಪದ್ಮಲತಾ ಎದ್ದು ಕೂರುತ್ತಾಳೆ. ಎಲ್ಲಿದ್ದಾನೆಂದೇ ತಿಳಿಯದ ಗಂಡನಿಗಾಗಿ ಅಳುವುದಾದರೂ ಯಾವ ದಿಕ್ಕಿಗೆ ತಿರುಗಿ? ಅದೊಂದು ತಿಳಿದರೆ ಸಾಕೆಂದು ಅವಳ ಜೀವ ಹಪಹಪಿಸುತ್ತಿತ್ತು.

ಈ ಗಿಡ ಹೊಸನಗರದ ಕಾಡಿನಲ್ಲಿ ಸಿಕ್ಕಿತಂತೆ ಎಂದು ಅವಳು ಫೋಟೋ ತೋರಿಸಿದಾಗ ಭರತೇಶನ ಮುಖ ಬಿಳಿಚಿತ್ತು. "ಬರೀ ಇಲ್ಲಿನ ಕಳೆ, ಕತ್ತೆತುಂಬೆ ಇರ್ಬೇಕು ಅತ್ತಿಗೆ. ನಾನೂ ಬರ್ತೀನಿ. ಒಂದ್ಸಲ ನೋಡಿ ಮನಸ್ಸು ಗಟ್ಟಿ ಮಾಡ್ಕೊಳಿ."

"ಅಮ್ಮಾ, ಇದೇ ಅಲ್ವಾ?" ಮಂಜಯ್ಯ ದಾರಿಬದಿಯ ನೀಲಿ ಹೂವು ತೋರಿಸಿದ. ಪದ್ಮಲತಾ ಮಂಡಿಯೂರಿ ಎಲೆ ಸವರಿದಳು.

"ಅಲ್ಲ, ಇದು ಕತ್ತೆತುಂಬೆ. ಎಲೆಯ ಬುಡದಲ್ಲಿ ಕಿವಿ ಇದೆ ನೋಡಿ. ಕಾಂಫ್ರಿಗೆ ಕಿವಿ ಇಲ್ಲ, ಎಲೆಯ ಅಂಚು ಕಾಂಡದ ಮೇಲೆ ಇಳಿದಿರುತ್ತೆ."

ಭರತೇಶ್ ತಿರುಗಿಯೂ ನೋಡಲಿಲ್ಲ. ದಾರಿ ಕವಲೊಡೆಯಿತು. "ಹೂವಿನ ಗಿಡ ಅಂದ್ರೆ ಬಲಕ್ಕೆ ಬಯಲಿದೆ ಮಾರಾಯ್ರೆ," ಎಂದ ಮಂಜಯ್ಯ. ಅಷ್ಟರಲ್ಲಿ ಭರತೇಶ್ ಎಡಕ್ಕೆ ಇಳಿದಾಗಿತ್ತು.

ಒಂದು ಹೊನ್ನೆ ಮರದ ಕೆಳಗೆ ಅವನು ನಿಂತ. ಕತ್ತಿಯಿಂದ ಜರಿಗಿಡ ಸರಿಸಿದ. ಕುಕ್ಕರುಗಾಲಿನಲ್ಲಿ ಕೂತು ತರಗೆಲೆ ಕೆದಕಿದ. ನೀಲಿ ಹೂವಿಲ್ಲ, ಒರಟು ಎಲೆಯೂ ಇಲ್ಲ. ಹೋದ ಜೀವ ಬಂದವನಂತೆ ನಕ್ಕ.

"ನೋಡಿ ಅತ್ತಿಗೆ, ನಾ ಹೇಳಿರ್ಲಿಲ್ವಾ? ಇಲ್ಲಿ ಎಂಥ ಗಿಡವೂ ಇಲ್ಲ. ಯಾರೋ ನಿಮಗೆ ಮಂಕುಬೂದಿ ಎರಚಿದಾರೆ."

ಪದ್ಮಲತಾ ಅಲ್ಲೇ ಕೂತು ಮಣ್ಣಿಗೆ ಅಂಗೈ ಒತ್ತಿದಳು. ಇಷ್ಟು ದಿನ ಬಾರದ ಅಳು ಈಗ ಉಕ್ಕಿ ಬಂತು.

"ಮಂಜಯ್ಯ, ಮೊದಲು ಅವನ ಕೈಯಿಂದ ಕತ್ತಿ ಇಸ್ಕೊಳಿ," ಎಂದಳು.

ಆಮೇಲೆ ಮೈದುನನತ್ತ ತಿರುಗಿದಳು. "ಆ ಫೋಟೋ ಊಟಿಯದ್ದು, ಭರತೇಶ್. ಆ ದಿನ ನಿನ್ನ ಕಾರು ಈ ಕಾಡಿನ ಹತ್ರ ಕಂಡಿತ್ತು ಅನ್ನೋದಷ್ಟೇ ನನಗೆ ಗೊತ್ತಿತ್ತು. ಈ ಹೊನ್ನೆ ಮರದ ಬುಡ ಅಂತ ನಾನು ಯಾವತ್ತು ಹೇಳಿದ್ದೆ?"